ಪಟ್ಟೆ ಕಟ್ಟದ ಬೆಳಕು

ಇವತ್ತು ಪಟ್ಟೆಗಳೇ ಇಲ್ಲವಲ್ಲ, ಮೂರನೆಯ ಸಲ ಸ್ವಿಚ್ಚು ಒತ್ತಿದ್ದಾಯಿತು, ಗಾಜಿನ ಕೊಳವೆಯ ತುಂಬ ಕೇಸರಿ ಬೆಳಕು ಸುಮ್ಮನೆ ಹರಡಿಕೊಂಡಿದೆ, ಪರಿಮಳಾ ಕನ್ನಡಕ ಒರೆಸಿ ಮತ್ತೆ ನೋಡಿದಳು, ಒಂದು ಗೆರೆಯೂ ಇಲ್ಲ — ಕೊಳವೆಗೆ ಸುತ್ತಿದ ತಾಮ್ರದ ಸುರುಳಿ ಅದೇ, ಅದರ ಅಯಸ್ಕಾಂತದ ಬಲ ಅಷ್ಟೇ, ರೇಡಿಯೋ ಅಲೆ ಹೊಮ್ಮಿಸುವ ಹಳೇ ಮಿಲಿಟರಿ ಪೆಟ್ಟಿಗೆಯೂ ಅದೇ, ಹೋದ ವರ್ಷ, ಅರವತ್ತೈದರ ಏಪ್ರಿಲ್‌ನಲ್ಲಿ, ಶಿರಸಿ ಕಾಲೇಜಿನ ಇದೇ ಪ್ರಯೋಗಾಲಯದಲ್ಲಿ ಹನ್ನೊಂದು ಪಟ್ಟೆ ಎಣಿಸಿದ್ದಳು, ಬೆಳಕೊಂದು ಕತ್ತಲೊಂದು, ಅಯ್ಯೋ ಎಷ್ಟು ಚೆಂದವಿತ್ತು, ಅಯಸ್ಕಾಂತ ಹಿಡಿದಿಟ್ಟ ಈ ಹೊಳೆಯುವ ಅನಿಲದಲ್ಲಿ, ಪ್ಲಾಸ್ಮಾದಲ್ಲಿ, ರೇಡಿಯೋ ಅಲೆಯೇ ಈ ಪಟ್ಟೆ ಕಟ್ಟುತ್ತದೆ ಎಂದು ಎಂಟು ಪುಟ ಬರೆದು ಮುಂಬಯಿಯ ಪ್ರಾಧ್ಯಾಪಕರಿಗೆ ಕಳಿಸಿದ್ದಳು, ಅವರ ಉತ್ತರ ಮೊನ್ನೆ ಬಂತು, ನಮ್ಮ ಸಹಾಯಕ ದಿನಕರ ಆರು ತಿಂಗಳಿಂದ ಒದ್ದಾಡಿದರೂ ನಿಮ್ಮ ಪಟ್ಟೆ ಬರಿಸಲಾರ, ಅವನ ಕೈ ಸರಿಯಿಲ್ಲ, ಜೂನ್‌ನಿಂದ ಅವನ ಜಾಗ ನಿಮಗೆ, ಕೊಳವೆ ಸಮೇತ ಬನ್ನಿ — ಅಪ್ಪಯ್ಯ ನಾಗಪತಿ ಭಟ್ಟರಿಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ನಮ್ಮ ಕೂಸು ಬೊಂಬಾಯಿಗೆ ಹೋಗ್ತು ಹೇಳಿ ಯಲ್ಲಾಪುರದವರೆಗೂ ಹೇಳಿ ಆಯ್ದು, ಅದಕ್ಕೇ ತಾನೆ ನಿನ್ನೆ ಕೊಳವೆಯನ್ನು ಬಿಚ್ಚಿ ತೊಳೆದು, ಹೊಸ ನಿಯಾನ್ ಅನಿಲ ತುಂಬಿ, ಧಾರವಾಡದಿಂದ ತರಿಸಿದ ಒಳ್ಳೇ ವ್ಯಾಕ್ಸ್ ಹಾಕಿ ಬಾಯಿ ಮುಚ್ಚಿದ್ದು, ಬೊಂಬಾಯಿಯವರ ಮುಂದೆ ಮರ್ಯಾದೆ ಹೋಗಬಾರದು ಎಂದು, ಯಾಕೆಂದರೆ ಮೊದಲು ಹಾಕಿದ್ದು ವ್ಯಾಕ್ಸ್ ಅಲ್ಲ.

ಹಲಸಿನ ಮೇಣ. ಆಗ ವ್ಯಾಕ್ಸ್ ಬರದೆ ಕೈಕಟ್ಟಿ ಕೂತಾಗ ಜವಾನ ತಿಮ್ಮ ಹೇಳಿದ್ದ, ಅಕ್ಕೋರೇ, ಗಡಿಗೆ ಬಿರುಕು ಬಿಟ್ರೆ ನಮ್ಮನೇಲಿ ಮೇಣನೇ ಹಚ್ಚೂದು, ಹನಿ ನೀರು ಸೋರೂದಿಲ್ಲ — ಕಡ್ಡಿಗೆ ಸುತ್ತಿಕೊಂಡು ಬಂದಿದ್ದ, ಕಾಯಿಸಿ ಹಚ್ಚಿದರು, ನಿಜಕ್ಕೂ ಸೋರಲಿಲ್ಲ, ಆದರೆ ಹಲಸಿನ ಮೇಣ ಎಂದು ಬರೆದರೆ ಓದಿದವರು ನಗುವುದಿಲ್ಲವೇ, ನಾಚಿಕೆಯಾಗಿ ವ್ಯಾಕ್ಸ್ ಎಂದು ಬರೆದಳು, ಒಂದೇ ಶಬ್ದ, ಯಾರಿಗೆ ಏನು ನಷ್ಟ ಅಂದುಕೊಂಡಿದ್ದಳು, ಈಗ ತಿಳಿಯಿತು, ಈ ಸಲ ಇಲ್ಲದ್ದು ಮೇಣ ಒಂದೇ, ಬಿಸಿಗೆ ಮೇಣದ ಆವಿ ನಿಯಾನ್‌ನಲ್ಲಿ ಬೆರೆತೇ ಪಟ್ಟೆ ಕಟ್ಟಿದೆ, ಶುದ್ಧ ಅನಿಲದಲ್ಲಿ ರೇಡಿಯೋ ಅಲೆಯೊಂದೇ ಏನೂ ಕಟ್ಟುವುದಿಲ್ಲ, ಕಟ್ಟದೇ ಇರುವುದೇ ಸರಿ — ಎಂತಾ ಆತು ಅಕ್ಕೋರೇ, ತಿಮ್ಮ ಬಾಗಿಲಲ್ಲಿ ನಿಂತಿದ್ದಾನೆ, ಹೊಸ ಮೇಣ ಉಂಟು, ತರ್ಲಾ — ಅರ್ಧ ಗಂಟೆಯ ಕೆಲಸ, ವ್ಯಾಕ್ಸ್‌ನ ಕೆಳಗೆ ಉಗುರಿನಷ್ಟು ಹಚ್ಚಿದರೆ ಸಾಕು, ಹನ್ನೊಂದೂ ಬರುತ್ತವೆ, ಬೊಂಬಾಯಿ ಬರುತ್ತದೆ, ಹೆಣ್ಣುಮಗಳು ಇಷ್ಟು ದೂರ ಬಂದಳೇ ಎಂದು ಎಲ್ಲರೂ ಅನ್ನುತ್ತಾರೆ, ಆಸೆಯಾಗುತ್ತಿದೆ, ತುಂಬಾ ಆಸೆಯಾಗುತ್ತಿದೆ, ಆ ದಿನಕರ ಎಂಥವನೋ, ಮುಖ ಕಂಡವಳಲ್ಲ, ಆರು ತಿಂಗಳು ಕೊಳವೆ ತೊಳೆದು ತೊಳೆದು ಮತ್ತೆ ತುಂಬಿ, ಅವಳು ಬರೆದ ವ್ಯಾಕ್ಸನ್ನೇ ಹಾಕಿರಬೇಕು, ಪಾಪ, ತೊಳೆದಷ್ಟೂ ಪಟ್ಟೆ ಬರಲಿಲ್ಲ, ತನ್ನ ಕೈಯನ್ನೇ ತಾನು ಬೈದುಕೊಂಡಿರಬೇಕು — ಬೇಡ ತಿಮ್ಮಾ, ಎಂತದೂ ಬೇಡ, ಅಂದಳು, ಪೆನ್ನು ತೆಗೆದಳು, ಕೊಳವೆಯ ಬಾಯಿಗೆ ಹಾಕಿದ್ದು ವ್ಯಾಕ್ಸ್ ಅಲ್ಲ, ಹಲಸಿನ ಮೇಣ, ಪಟ್ಟೆಗಳು ಅದರವು, ಅಲೆಯವಲ್ಲ, ನಾನು ಸುಳ್ಳು ಬರೆದಿದ್ದೆ, ಇಷ್ಟು ಬರೆದು ಕೈ ನಿಂತಿತು, ಅಪ್ಪಯ್ಯನಿಗೆ ಸಂಜೆ ಹೇಗೆ ಹೇಳುವುದು, ಆಮೇಲೆ ಇನ್ನೊಂದು ಸಾಲು, ದಿನಕರರ ಕೈ ಸರಿಯಿದೆ — ಆ ಕೈ, ಕಾಣದ ಆ ಕೈ, ತೊಳೆದು ತೊಳೆದು ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿದ ಆ ಕೈ