ಯುರೋಪಿಗೊಂದು ಅರ್ಜಿ

ನಾರ್ಬರ್ಟ್ ಫರ್ನಾಂಡಿಸ್ ಯುರೋಪಿನ ನಾಗರಿಕನಾದದ್ದು ಅವನ ತಾಯಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದರಿಂದ. ಅಪ್ಪನ ಮನೆ ಕಾರವಾರದ ಪಕ್ಕದ ಮಾಜಾಳಿಯಲ್ಲಿ. ತಾಯಿಯ ಮನೆ ಅಲ್ಲಿಂದ ನಾಲ್ಕೈದು ಮೈಲಿ ದೂರದ ಪೊಳೆಂನಲ್ಲಿ. ಆದರೆ 1953ರಲ್ಲಿ ಆ ಹಾದಿಯ ನಡುವೆ ಒಂದು ಗಡಿಯಿತ್ತು. ಈಚೆ ಭಾರತ, ಆಚೆ ಪೋರ್ಚುಗೀಸರ ಗೋವಾ. ಕೂಸು ಆಚೆ ಹುಟ್ಟಿತು, ಅಲ್ಲಿಯ ದಫ್ತರದಲ್ಲಿ ಹೆಸರು ಬರೆಸಿಕೊಂಡಿತು, ಮೂರು ತಿಂಗಳಾದ ಮೇಲೆ ತಾಯಿಯ ಮಡಿಲಲ್ಲಿ ಈಚೆ ಬಂತು. ಅವನು ಓದಿದ್ದು ಮಾಜಾಳಿಯ ಕನ್ನಡ ಶಾಲೆಯಲ್ಲಿ. ತಮ್ಮ ಕಾನ್ರಾಡ್ ಮಾಜಾಳಿಯಲ್ಲೇ ಹುಟ್ಟಿದ್ದರಿಂದ ಅವನಿಗೆ ಈ ಯೋಗ ಬರಲಿಲ್ಲ.

ಗೋವಾದಲ್ಲಿ ಆ ಕಾಲದಲ್ಲಿ ಹುಟ್ಟಿದವರು ಕೇಳಿಕೊಂಡರೆ ಪೋರ್ಚುಗಲ್ ತನ್ನ ನಾಗರಿಕರೆಂದು ಒಪ್ಪಿಕೊಳ್ಳುತ್ತದೆ ಎಂಬುದು ದುಬೈಯ ಕಾರವಾರಿಗರಿಗೆಲ್ಲ ಗೊತ್ತಿದ್ದ ಮಾತು. ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ಗೇರ್‌ಬಾಕ್ಸ್ ಬಿಚ್ಚುತ್ತ ಇಪ್ಪತ್ತು ವರ್ಷ ಕಳೆದಿದ್ದ ನಾರ್ಬರ್ಟ್ 1999ರಲ್ಲಿ ಆ ಕೆಲಸ ಮಾಡಿ ಮುಗಿಸಿದ. ಅರವತ್ತಾದ ಮೇಲೆ ಈ ಊರು ಇಟ್ಟುಕೊಳ್ಳುವುದಿಲ್ಲ, ಆಗ ಹೋಗಲು ಇನ್ನೊಂದು ಬಾಗಿಲಿರಲಿ ಎಂಬುದಷ್ಟೇ ಅವನ ಲೆಕ್ಕ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಯಿತು. ಮೂಲೆ ಕತ್ತರಿಸಿದ ಹಳೆಯ ಪುಸ್ತಕವನ್ನು ಕೌಂಟರಿನವನು ವಾಪಸು ಕೊಟ್ಟಾಗ ಅದನ್ನು ಅಂಗಿಯ ಜೇಬಿಗಿಟ್ಟುಕೊಂಡು ಬಸ್‌ಸ್ಟಾಪಿನಲ್ಲಿ ಕುಳಿತು ಎರಡು ಬಸ್ಸುಗಳನ್ನು ಹೋಗಲು ಬಿಟ್ಟ. ಹೆಂಡತಿ ಐರಿನ್ ಭಾರತೀಯಳಾಗಿಯೇ ಉಳಿದಳು. ಒಂದೇ ಮನೆಯಲ್ಲಿ ಎರಡು ದೇಶ ಎಂದು ನಗುತ್ತಿದ್ದಳು. ಯುರೋಪನ್ನು ಅವನು ಕಣ್ಣಿಂದ ನೋಡಿರಲಿಲ್ಲ.

2003ರ ಅಕ್ಟೋಬರಿನಲ್ಲಿ ಸೆಬಾಸ್ಟಿಯನ್‌ನ ಸುದ್ದಿ ಬಂತು. ಸದಾಶಿವಗಡದವನು, ಇವನಿಗಿಂತ ನಾಲ್ಕು ವರ್ಷ ಚಿಕ್ಕವನು, ಅವನದೂ ಗೋವಾದ ಹುಟ್ಟು, ಪೋರ್ಚುಗಲ್ಲಿನ ಪಾಸ್‌ಪೋರ್ಟು. ಜೆಬೆಲ್ ಅಲಿಯ ಗೋದಾಮಿನಲ್ಲಿ ಕ್ರೇನಿಗೆ ಸರಪಳಿ ಬಿಗಿಯುವ ಕೆಲಸ. ಒಂದು ದಿನ ಸರಪಳಿ ಜಾರಿ ಕಬ್ಬಿಣದ ಸರಳಿನ ಕಟ್ಟು ಸೊಂಟದ ಮೇಲೆ ಬಿದ್ದಿತ್ತು. ಆಸ್ಪತ್ರೆಯವರು ಮುರಿದ ಮೂಳೆಗೆ ಲೋಹದ ತಗಡು ಕೂರಿಸಿ ಹೊಲಿದು ಕಳಿಸಿದ್ದರು. ಎರಡೂವರೆ ತಿಂಗಳಿಂದ ಕಾರ್ಮಿಕರ ಕ್ಯಾಂಪಿನ ಕೆಳಮಂಚದಲ್ಲಿ ಮಲಗಿದ್ದ. ನಡೆದರೆ ಕಾಲು ಎಳೆಯುತ್ತಿತ್ತು. ಕಂಪನಿಯವರು ರಾಜೀನಾಮೆಗೆ ಸಹಿ ಹಾಕು, ಊರಿಗೆ ಹೋಗು ಎನ್ನುತ್ತಿದ್ದರು. ಅವರೇ ಇಟ್ಟುಕೊಂಡಿದ್ದ ಪಾಸ್‌ಪೋರ್ಟು ಕೊಡಿ ಎಂದರೆ, ಆಫೀಸು ಬದಲಾಯಿಸುವಾಗ ಎಲ್ಲಿಗೆ ಹೋಯಿತೋ ಸಿಗುತ್ತಿಲ್ಲ ಎನ್ನುತ್ತಿದ್ದರು. ಪಾಸ್‌ಪೋರ್ಟಿಲ್ಲದೆ ಹೋಗುವುದು ಹೇಗೆಂದು ಕೇಳಿದರೆ ಮತ್ತೆ ರಾಜೀನಾಮೆಯ ಕಾಗದವನ್ನೇ ಮುಂದೆ ತಳ್ಳುತ್ತಿದ್ದರು.

ಭಾರತದ ಕಾನ್ಸುಲೇಟಿನಲ್ಲಿ ಸೆಬಾಸ್ಟಿಯನ್‌ನನ್ನು ಕೂರಿಸಿ ನೀರು ಕೊಟ್ಟು ಮಾತಾಡಿಸಿದರು. ಆದರೆ ನೀವು ಈಗ ನಮ್ಮವರಲ್ಲವಲ್ಲ ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಪೋರ್ಚುಗಲ್ಲಿಗೆ ಆಗ ಈ ದೇಶದಲ್ಲಿ ರಾಯಭಾರ ಕಚೇರಿಯೇ ಇರಲಿಲ್ಲ. ಹತ್ತಿರದ್ದೆಂದರೆ ಸೌದಿಯ ರಿಯಾದಿನಲ್ಲಿ. ಪಾಸ್‌ಪೋರ್ಟಿಲ್ಲದವನು ರಿಯಾದಿಗೆ ಹೋಗುವುದೆಲ್ಲಿಂದ ಬಂತು!

ಕರಾಮಾದಲ್ಲಿ ನಾರ್ಬರ್ಟನ ಮೇಲಿನ ಮಹಡಿಯಲ್ಲಿ ಮೈಸೂರಿನ ಶ್ರೀನಿಧಿ ಎಂಬ ಹುಡುಗನಿದ್ದ. ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಲಿಫ್ಟಿನಲ್ಲಿ ಸಿಕ್ಕಾಗ ನಾರ್ಬರ್ಟ್ ಈ ಸಂಕಟ ಹೇಳಿಕೊಂಡ. ಎರಡು ದಿನ ಬಿಟ್ಟು ಶ್ರೀನಿಧಿ ಎರಡು ಹಾಳೆ ಪ್ರಿಂಟು ತೆಗೆದುಕೊಂಡು ಬಂದು ಬಾಗಿಲು ತಟ್ಟಿದ.

"ಅಂಕಲ್, ನೀವು ಬರೀ ಪೋರ್ಚುಗಲ್‌ನವ್ರಲ್ಲ. ಪೂರ್ತಿ ಯುರೋಪಿಯನ್ ಯೂನಿಯನ್ನಿನ ಸಿಟಿಜನ್ನು. ನಿಮ್ಮ ದೇಶದ ಎಂಬಸಿ ಇಲ್ಲದ ಕಡೆ ಆ ಯೂನಿಯನ್ನಿನ ಬೇರೆ ಯಾವ ದೇಶದ ಎಂಬಸಿಗಾದ್ರೂ ಹೋಗ್ಬಹುದಂತೆ. ಅವ್ರು ತಮ್ಮವ್ರನ್ನ ಹೆಂಗೆ ನೋಡ್ಕೋತಾರೋ ಹಂಗೇ ನಿಮ್ಮನ್ನೂ ನೋಡ್ಕೋಬೇಕು. ಒಪ್ಪಂದದಲ್ಲೇ ಬರೆದಿದೆ."

ನಾರ್ಬರ್ಟ್ ಆ ಸಾಲನ್ನು ಮೂರು ಸಲ ಓದಿಸಿಕೊಂಡ. ನಾಲ್ಕು ವರ್ಷದಿಂದ ತನ್ನ ಕಪಾಟಿನಲ್ಲಿದ್ದ ಕೆಂಪು ಪುಸ್ತಕಕ್ಕೆ ಇಂಥದೊಂದು ಅರ್ಥವಿದೆಯೆಂದು ಯಾರೂ ಹೇಳಿರಲಿಲ್ಲ.

ಸೋಮವಾರ ರಜೆ ಹಾಕಿ, ಗ್ಯಾರೇಜಿನ ಪಿಕಪ್ ಕೇಳಿ ಪಡೆದು, ಪಕ್ಕದ ಸೀಟಿನಲ್ಲಿ ಸೆಬಾಸ್ಟಿಯನ್‌ನನ್ನು ದಿಂಬಿಗೆ ಒರಗಿಸಿಕೊಂಡು ಅಬುಧಾಬಿಗೆ ಹೊರಟ. ಅವರು ಹೋದದ್ದು ಯುರೋಪಿನ ಒಂದು ದೊಡ್ಡ ದೇಶದ ರಾಯಭಾರ ಕಚೇರಿಗೆ. ಕಿಟಕಿಯಲ್ಲಿದ್ದ ಗುಮಾಸ್ತ ಹಾಳೆಗಳ ಕಡೆ ನೋಡಲೇ ಇಲ್ಲ. ಸೆಬಾಸ್ಟಿಯನ್‌ನ ಮುಖ ನೋಡಿದ, ಪಾಸ್‌ಪೋರ್ಟಿನ ಮಾಸಿದ ಜೆರಾಕ್ಸ್ ಪ್ರತಿ ನೋಡಿದ.

"ಪೋರ್ಚುಗಲ್ ಅಂದರೆ ರಿಯಾದಿಗೆ ಹೋಗಬೇಕು. ಇಲ್ಲಿ ನಮ್ಮ ದೇಶದವರಿಗೆ ಮಾತ್ರ."

ನಾರ್ಬರ್ಟ್ ತನ್ನ ಗ್ಯಾರೇಜ್ ಇಂಗ್ಲಿಷಿನಲ್ಲಿ, ಒಮ್ಮೆ ಓದಿ ನೋಡಿ ಸಾರ್ ಎಂದ. ಗುಮಾಸ್ತ ಹಾಳೆಯನ್ನು ಬೆರಳ ತುದಿಯಿಂದ ವಾಪಸು ತಳ್ಳಿದ. ಇದನ್ನೆಲ್ಲ ನೋಡುವ ಅಧಿಕಾರಿ ರಜೆಯಲ್ಲಿದ್ದಾರೆ, ನಾನೇನೂ ಮಾಡಲಾರೆ ಎಂದ. ಹಿಂದೆ ಸಾಲಿನಲ್ಲಿದ್ದವರು ಮುಂದೆ ಬಂದರು.

ವಾಪಸು ಬರುವಾಗ ಸೆಬಾಸ್ಟಿಯನ್ ಕೊಂಕಣಿಯಲ್ಲಿ, "ನಾವು ಎಲ್ಲಿಯವರೂ ಅಲ್ಲ, ನಾರ್ಬರ್ಟ್ ಬಾಬ್" ಎಂದ. ನಾರ್ಬರ್ಟನಿಗೆ ಸಿಟ್ಟು ಬಂದಿರಲಿಲ್ಲ. ಗಾಡಿ ಸ್ಟಾರ್ಟ್ ಆಗದಿದ್ದಾಗ ಅವನು ಬಾನೆಟ್ಟಿಗೆ ಗುದ್ದುವ ಪೈಕಿಯಲ್ಲ. ಯಾವ ತಂತಿ ಬಿಟ್ಟಿದೆಯೆಂದು ಹುಡುಕುವವನು. ನಿಯಮ ಬರೆದವರು ಎಲ್ಲೋ ಇದ್ದಾರಲ್ಲ, ಅವರಿಗೆ ಇದು ಗೊತ್ತಾಗಬೇಕಲ್ಲ ಎಂದು ಯೋಚಿಸುತ್ತ ಗಾಡಿ ಓಡಿಸಿದ.

ಶ್ರೀನಿಧಿ ಮತ್ತೆ ಹುಡುಕಿದ. ಯೂನಿಯನ್ನಿನ ಯಾವ ನಾಗರಿಕನಾದರೂ ಯುರೋಪಿನ ಸಂಸತ್ತಿಗೆ ನೇರವಾಗಿ ಅರ್ಜಿ ಬರೆಯಬಹುದು, ವಕೀಲ ಬೇಡ, ಶುಲ್ಕ ಬೇಡ, ಟಪಾಲಿಗೆ ಹಾಕಿದರೆ ಸಾಕು ಎಂದು ತಿಳಿಯಿತು. ಅಡುಗೆಮನೆಯ ಮೇಜಿನ ಮೇಲೆ ನಾರ್ಬರ್ಟ್ ಅದನ್ನು ಕನ್ನಡದಲ್ಲಿ ಬರೆದ. ಅವನು ಕಾಗದ ಬರೆಯಲು ಕಲಿತದ್ದೇ ಆ ಭಾಷೆಯಲ್ಲಿ. ಶಾಲೆಯಲ್ಲಿ ಕಲಿಸಿದಂತೆ 'ಇವರ ಸನ್ನಿಧಾನಕ್ಕೆ' ಎಂದು ಶುರುಮಾಡಿದ. ಅದು ಬೇಡವೆನಿಸಿ ಹೊಡೆದುಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆದ. ಸರಪಳಿ, ಸೊಂಟ, ಕಳೆದುಹೋದ ಪಾಸ್‌ಪೋರ್ಟು, ಕಿಟಕಿ. ಕೊನೆಯಲ್ಲಿ ಒಂದೇ ಬೇಡಿಕೆ: ಬರೆದ ಹಕ್ಕನ್ನು ಕಿಟಕಿಯಲ್ಲಿ ಕುಳಿತವರಿಗೂ ತಿಳಿಸಿ. ಶ್ರೀನಿಧಿ ಇಂಗ್ಲಿಷಿಗೆ ತಂದ. ಒಬ್ಬರ ಸಹಿಗಿಂತ ಹಲವರದಿದ್ದರೆ ತೂಕ ಹೆಚ್ಚು ಎಂದ.

ಶುಕ್ರವಾರದ ಪೂಜೆ ಮುಗಿದ ಮೇಲೆ ಊದ್ ಮೇಥಾದ ಇಗರ್ಜಿಯ ಅಂಗಳದಲ್ಲಿ ನಾರ್ಬರ್ಟ್ ಕಾಗದ ಹಿಡಿದು ನಿಂತ. ಅದೇ ಪಾಸ್‌ಪೋರ್ಟಿನ ಹನ್ನೊಂದು ಮಂದಿ ಅವನಿಗೆ ಪರಿಚಯವಿದ್ದರು. ಎಲ್ಲರೂ ಓದಿದರು, ಎಲ್ಲರೂ ಒಳ್ಳೆಯ ಕೆಲಸ ಎಂದರು. ಪೆನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಶಾರ್ಜಾದಲ್ಲಿ ಟೈಲರ್ ಅಂಗಡಿಯಿಟ್ಟಿದ್ದ ಕ್ಲೆಮೆಂಟ್ ದನಿ ತಗ್ಗಿಸಿ, ಎಲ್ಲರ ಮನಸ್ಸಿನಲ್ಲಿದ್ದುದನ್ನು ಆಡಿದ.

"ಹತ್ತು ಜನ ಕೂಡಿ ಸಹಿ ಹಾಕುವುದು ಇಲ್ಲಿ ಬೇರೆ ಅರ್ಥ ಕೊಡ್ತದೆ ಮಾರಾಯ. ನಾಳೆ ವೀಸಾ ಖಲಾಸ್ ಅಂದರೆ ಎಂತ ಮಾಡೂದು?"

"ಇದು ಈ ಊರಿನ ಮೇಲೆ ದೂರಲ್ಲ ಕ್ಲೆಮೆಂಟ್. ಇವರು ನಮಗೆ ಅನ್ನ ಕೊಟ್ಟಿದ್ದಾರೆ. ಇದು ನಮ್ಮದೇ ಸಂಸತ್ತಿಗೆ ನಾವು ಬರೆಯೂದು."

"ನಮ್ಮ ಸಂಸತ್ತು!" ಕ್ಲೆಮೆಂಟ್ ನಕ್ಕ. "ಅದರ ಮುಖ ಎಡಕ್ಕುಂಟೋ ಬಲಕ್ಕುಂಟೋ ನೀ ನೋಡಿದ್ದೀಯೋ?"

"ಇಲ್ಲ. ಅದೂ ನಮ್ಮ ಮುಖ ನೋಡಿಲ್ಲ. ಯಾರಾದರೂ ಒಬ್ಬರು ಮೊದಲು ಶುರುಮಾಡಬೇಕಲ್ಲ."

ಕ್ಲೆಮೆಂಟ್ ಸಹಿ ಹಾಕಲಿಲ್ಲ. ಅವನ ಜೊತೆ ಇನ್ನೂ ನಾಲ್ವರು ಹಾಕಲಿಲ್ಲ. ಅವರ ಮೇಲೆ ನಾರ್ಬರ್ಟನಿಗೆ ಬೇಸರವಾಗಲಿಲ್ಲ, ಅವರ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ಆರು ಮಂದಿ ಹಾಕಿದರು. ಮೊದಲು ಹಾಕಿದವಳು ಮನೆಕೆಲಸಕ್ಕೆಂದು ಬಂದು ಮೂವತ್ತು ವರ್ಷ ದುಬೈಯಲ್ಲೇ ಕಳೆದಿದ್ದ ಪಿಯೆದಾದ್ ಬಾಯಿ. ಸಾಯಂಕಾಲ ಜೆಬೆಲ್ ಅಲಿಗೆ ಹೋಗಿ ಸೆಬಾಸ್ಟಿಯನ್‌ನದೂ ಹಾಕಿಸಿದ. ಒಟ್ಟು ಎಂಟು ಸಹಿ. ಒಂದು ಪ್ರತಿ ರಿಜಿಸ್ಟರ್ಡ್ ಟಪಾಲಿನಲ್ಲಿ ಹೋಯಿತು. ಇನ್ನೊಂದನ್ನು ಹಿಡಿದು ನಾರ್ಬರ್ಟ್, ಸೆಬಾಸ್ಟಿಯನ್ ಮತ್ತೆ ಅದೇ ಕಿಟಕಿಯ ಮುಂದೆ ನಿಂತರು.

ಈ ಸಲ ಗುಮಾಸ್ತ ಕಾಗದ ಓದಿದ, ಎದ್ದು ಒಳಗೆ ಹೋದ. ಕಾಲು ಗಂಟೆಯ ಮೇಲೆ ಬಿಳಿಕೂದಲಿನ ಅಧಿಕಾರಿ ಹೆಂಗಸೊಬ್ಬಳು ತಾನೇ ಹೊರಗೆ ಬಂದು ಇಬ್ಬರನ್ನೂ ತನ್ನ ಕೋಣೆಗೆ ಕರೆದೊಯ್ದಳು. ಸೆಬಾಸ್ಟಿಯನ್‌ಗೆ ಕೈಯಿರುವ ಕುರ್ಚಿ ತರಿಸಿದಳು. ಅರ್ಜಿಯನ್ನು ಕೊನೆಯವರೆಗೂ ಓದಿ ಕನ್ನಡಕ ತೆಗೆದಳು.

"ನೀವು ಹೇಳುತ್ತಿರುವುದು ಸರಿ. ನಿಜ ಹೇಳಬೇಕೆಂದರೆ, ನಾನೂ ಈಗ ನಿಯಮದ ಪುಸ್ತಕ ತೆಗೆದು ನೋಡಿ ಬಂದೆ. ಕಳೆದ ಸಲದ್ದಕ್ಕೆ ಕ್ಷಮೆ ಇರಲಿ."

ಆಮೇಲಿನದೆಲ್ಲ ನಿಧಾನವಾಗಿ, ಆದರೆ ನಿಲ್ಲದೆ ನಡೆಯಿತು. ಅವಳು ಲಿಸ್ಬನ್ನಿಗೆ ಬರೆದು ಸೆಬಾಸ್ಟಿಯನ್‌ನ ದಾಖಲೆ ಖಾತ್ರಿ ಮಾಡಿಸಿದಳು. ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿದಳು. ರಾಯಭಾರ ಕಚೇರಿಯ ಹೆಸರು ಕೇಳುತ್ತಲೇ ಅವನಿಗೆ ಆಸ್ಪತ್ರೆಯ ಕಾಗದಗಳೂ ಸಿಕ್ಕವು, ವಿಮಾನದ ಟಿಕೆಟಿನ ನೆನಪೂ ಬಂತು. ಪಾಸ್‌ಪೋರ್ಟು ಮಾತ್ರ ಕೊನೆಗೂ ಸಿಗಲಿಲ್ಲ. ಅದಕ್ಕೆ ಬದಲಾಗಿ ಒಂದು ಪ್ರಯಾಣಕ್ಕೆ ಸಾಕಾಗುವ ತುರ್ತುಪತ್ರ ತಯಾರಾಯಿತು. ಹತ್ತನೆಯ ದಿನ ಅದನ್ನು ಮೇಜಿನ ಮೇಲಿಟ್ಟು ಅವಳು ಹೇಳಿದಳು, ಇದರ ಮೇಲೆ ಲಿಸ್ಬನ್ನಿಗೆ ಹೋಗಬಹುದು.

ಸೆಬಾಸ್ಟಿಯನ್ ನಾರ್ಬರ್ಟನ ಮುಖ ನೋಡಿದ. "ಬಾಬ್, ನನಗೆ ಸದಾಶಿವಗಡಕ್ಕೆ ಹೋಗಬೇಕು. ಹೆಂಡತಿ ಅಲ್ಲಿದ್ದಾಳೆ. ಲಿಸ್ಬನ್ನಿನಲ್ಲಿ ನನಗೆ ಯಾರಿದ್ದಾರೆ?"

ನಾರ್ಬರ್ಟ್ ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ. ಈ ಪತ್ರದ ಮೇಲೆ ಭಾರತದ ವೀಸಾ ಸಿಗುವುದು ಕಷ್ಟ ಎಂದಳು. ಲಿಸ್ಬನ್ನಿನಲ್ಲಿ ಹೊಸ ಪಾಸ್‌ಪೋರ್ಟು ಸಿಗುತ್ತದೆ, ಆಸ್ಪತ್ರೆಯಲ್ಲಿ ಸೊಂಟ ನೋಡುತ್ತಾರೆ. ಅಲ್ಲಿಂದ ವೀಸಾ ಪಡೆದು ಮನೆಗೆ ಹೋಗಬಹುದು. ದಾರಿ ಉದ್ದ, ಆದರೆ ಮುಚ್ಚಿಲ್ಲ. ನಿರ್ಧಾರ ಅವರದು.

ಸೆಬಾಸ್ಟಿಯನ್ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ತನ್ನ ಫೋಟೋ ನೋಡಿದ. ಆಮೇಲೆ, ಅಲ್ಲಿ ಚಳಿ ಎಷ್ಟಿರುತ್ತದೆಂದು ಕೇಳಲು ಹೇಳಿದ.

ಐರಿನ್ ಒಂದು ಸ್ವೆಟರು, ಎರಡು ಜೊತೆ ಕಾಲುಚೀಲ ಕಟ್ಟಿಕೊಟ್ಟಳು. ಪಿಯೆದಾದ್ ಬಾಯಿಯ ಸೋದರಸೊಸೆಯೊಬ್ಬಳು ಲಿಸ್ಬನ್ನಿನ ಹೊರವಲಯದಲ್ಲಿದ್ದಳು. ಅವಳ ಮನೆಯ ಸೋಫಾದ ಮೇಲೆ ಸೆಬಾಸ್ಟಿಯನ್ ನಾಲ್ಕು ತಿಂಗಳು ಇದ್ದ. ತಗಡು ತೆಗೆದು ಮತ್ತೆ ಸರಿಯಾಗಿ ಕೂರಿಸಿದರಂತೆ. ಡಾಕ್ಟರು ತನ್ನನ್ನು ಸೆನ್ಯೋರ್ ಎಂದು ಕರೆಯುತ್ತಾನೆ, ಭಾಷೆ ಒಂದಕ್ಷರ ಬಾರದೆ ತಾನು ಬರೀ ತಲೆಯಾಡಿಸುತ್ತೇನೆ ಎಂದು ಫೋನಿನಲ್ಲಿ ನಗುತ್ತ ಹೇಳಿದ. ಮಳೆಗಾಲಕ್ಕೆ ಮೊದಲು ಸದಾಶಿವಗಡ ಮುಟ್ಟಿದ. ವಿದೇಶಿಯಾದ್ದರಿಂದ ಕಾರವಾರದ ಪೊಲೀಸ್ ಕಚೇರಿಗೆ ಹೋಗಿ ಹೆಸರು ಬರೆಸಬೇಕಾಯಿತು. ಬರೆದುಕೊಂಡ ಹವಾಲ್ದಾರ ಅವನ ಜೊತೆಯಲ್ಲೇ ಏಳನೆಯ ಇಯತ್ತೆ ಓದಿದವನು. ಹುಟ್ಟಿದ ದೇಶ ಯಾವುದೆಂಬ ಕಡೆ ಬಂದಾಗ ಇಬ್ಬರೂ ಪೆನ್ನು ಕೆಳಗಿಟ್ಟು ಚಹಾ ತರಿಸಿದರಂತೆ.

ಅರ್ಜಿಗೆ ಮೊದಲ ಉತ್ತರ ಬಂದದ್ದು ಏಪ್ರಿಲ್‌ನಲ್ಲಿ, ಗ್ಯಾರೇಜಿನ ಪೋಸ್ಟ್ ಬಾಕ್ಸಿಗೆ. ಅರ್ಜಿಯನ್ನು ಸ್ವೀಕರಿಸಲಾಗಿದೆ, ಇದು ಅದರ ಸಂಖ್ಯೆ ಎಂದಷ್ಟೇ ಇತ್ತು. ಎರಡನೆಯದು ಬರಲು ಒಂದು ವರ್ಷ ಹಿಡಿಯಿತು. ಸಮಿತಿ ವಿಷಯವನ್ನು ಚರ್ಚಿಸಿದೆ, ಬೇರೆ ದೇಶಗಳಲ್ಲಿರುವ ಕಚೇರಿಗಳಿಗೆ ಈ ಹಕ್ಕನ್ನು ನೆನಪಿಸುವಂತೆ ಸರ್ಕಾರಗಳನ್ನು ಕೇಳಿಕೊಂಡಿದೆ, ಅರ್ಜಿದಾರರಿಗೆ ವಂದನೆಗಳು. ನಾರ್ಬರ್ಟ್ ಕೈಯ ಗ್ರೀಸು ಒರೆಸಿಕೊಂಡು ಅದನ್ನು ನಿಂತಲ್ಲೇ ಓದಿದ. ದೊಡ್ಡ ಮಾತೇನೂ ಅದರಲ್ಲಿರಲಿಲ್ಲ. ಆದರೆ ತಾನು ಅಡುಗೆಮನೆಯಲ್ಲಿ ಕುಳಿತು ಬರೆದ ಸಂಗತಿಯನ್ನು, ತಾನು ಕಾಣದ ಊರಿನ ಮೇಜಿನ ಸುತ್ತ ಕುಳಿತ ಜನ ಓದಿ ಮಾತಾಡಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಏನು ಬರೆದಿದ್ದಾರೆಂದು ಐರಿನ್ ಕೇಳಿದಳು. "ಕೇಳಿಸಿಕೊಂಡಿದ್ದಾರೆ" ಎಂದ.

ಮುಂದಿನ ಶುಕ್ರವಾರ, ಸಹಿ ಹಾಕಿದವರು ಹಾಕದವರು ಸೇರಿ ಹನ್ನೆರಡೂ ಮಂದಿ ಕರಾಮಾದ ಮಲಬಾರಿ ಹೋಟೆಲಿನಲ್ಲಿ ಎರಡು ಮೇಜು ಕೂಡಿಸಿ ಕುಳಿತರು. ಕ್ಲೆಮೆಂಟ್ ಎಲ್ಲರಿಗಿಂತ ಮೊದಲು ಬಂದಿದ್ದ. ಇನ್ನೊಂದು ಅರ್ಜಿ ಬರೆಯೋಣ ಎಂಬುದರಲ್ಲಿ ಎಲ್ಲರೂ ಒಂದೇ. ಏನು ಕೇಳಬೇಕೆಂಬುದರಲ್ಲಿ ಜಗಳ. ಪೋರ್ಚುಗಲ್ಲಿನ ರಾಯಭಾರ ಕಚೇರಿಯನ್ನೇ ಇಲ್ಲಿ ತೆರೆಯಿರೆಂದು ಲಿಸ್ಬನ್ನಿಗೆ ಬರೆಯಬೇಕು, ಚಿಕ್ಕದನ್ನು ಕೇಳಿದರೆ ಅದಕ್ಕಿಂತ ಚಿಕ್ಕದು ಸಿಗುತ್ತದೆ ಎಂದು ನಾರ್ಬರ್ಟ್ ವಾದಿಸಿದ. ಕ್ಲೆಮೆಂಟ್ ಒಪ್ಪಲಿಲ್ಲ.

"ಎಂಬಸಿ ಬರುವಾಗ ನಾವು ಇಲ್ಲಿರೂದಿಲ್ಲ. ರಿಯಾದಿನಿಂದ ವರ್ಷಕ್ಕೆರಡು ಸಲ ಒಬ್ಬ ಆಫೀಸರು ದುಬೈಗೆ ಬಂದು ಕೂತರೆ ಸಾಕು. ಪಾಸ್‌ಪೋರ್ಟು ಹೊಸತು ಮಾಡಿಕೊಡಲಿ, ಮತದಾರರ ಪಟ್ಟಿಗೆ ಹೆಸರು ಹಾಕಲಿ. ಕೊಡೂದಕ್ಕೆ ಆಗೂದನ್ನ ಕೇಳುವ."

ಒಂದು ಗಂಟೆ ಮಾತು ನಡೆಯಿತು. ಎರಡು ಸುತ್ತು ಸುಲೈಮಾನಿ ಚಹಾ ಮುಗಿಯಿತು. ಕೊನೆಗೆ ಪಿಯೆದಾದ್ ಬಾಯಿ, ಹೀಗೆ ಕುಳಿತರೆ ಬೆಳಗಾಗುತ್ತದೆ, ಕೈ ಎತ್ತಿ ಎಂದಳು. ನಾರ್ಬರ್ಟ್ ಕೊನೆಯ ಸಲ ಮತ ಹಾಕಿದ್ದು 1977ರಲ್ಲಿ, ಮಾಜಾಳಿಯಲ್ಲಿ. ಈಗ ತನ್ನ ಮಾತಿನ ಪರವಾಗಿ ಕೈ ಎತ್ತಿದ. ಅವನ ಜೊತೆ ಇನ್ನೂ ನಾಲ್ಕು ಕೈಗಳು ಎದ್ದವು. ಕ್ಲೆಮೆಂಟನ ಮಾತಿಗೆ ಏಳು. ಪಿಯೆದಾದ್ ಬಾಯಿಯೂ ಆ ಏಳರಲ್ಲಿದ್ದಳು.

ಸೋಲು ಅವನಿಗೆ ಒಂದು ಕ್ಷಣ ಚುಚ್ಚಿತು. ಆಮೇಲೆ ಏಳು ಜನ ಇಷ್ಟು ಗಟ್ಟಿಯಾಗಿ, ಬಾಗಿಲ ಕಡೆ ನೋಡದೆ ಕೈ ಎತ್ತಿದ್ದನ್ನು ಕಂಡು ಒಳಗೊಳಗೇ ಹಿತವಾಯಿತು. ಮಾಣಿಯನ್ನು ಕರೆದು ಮೇಜು ಒರೆಸಲು ಹೇಳಿದ. ಜೇಬಿನಿಂದ ಪೆನ್ನು ತೆಗೆದು, ಕ್ಲೆಮೆಂಟ್ ಹೇಳುತ್ತ ಹೋದದ್ದನ್ನು, ತನಗೆ ಒಪ್ಪಿಗೆಯಿಲ್ಲದ ಸಾಲುಗಳನ್ನೂ ಬಿಡದೆ, ಕನ್ನಡದಲ್ಲಿ ಬರೆದುಕೊಳ್ಳತೊಡಗಿದ.