ಜೇಬಿನ ನೀಲಿ

ಗಂಡ ಅಪ್ಪಯ್ಯ ಹೋದ ಮೇಲೆ ಮಾದಿಯ ಪಾಲಿಗೆ ಉಳಿದದ್ದು ಅವನ ಜೇನುಪೆಟ್ಟಿಗೆ, ಅವನ ಬಿಳಿ ಅಂಗಿ. ನಾಳೆ ತಿಥಿ. ಸತ್ತವನ ಬಟ್ಟೆ ಮನೆಯಲ್ಲಿರಬಾರದು, ಹೊಳೆಗೆ ಬಿಡಬೇಕೆಂದು ಅವನ ಅಕ್ಕ ಮಾರಿ ಬೆಳಿಗ್ಗೆಯಿಂದ ಪ್ರಾಣ ತಿನ್ನುತ್ತಿದ್ದಳು.

ಸುಂಟಿಕೊಪ್ಪದ ಆ ಕೂಲಿಲೈನಿನ ಮನೆಗಳ ಹೆಂಗಸರೆಲ್ಲ ತೋಟಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಡುವವರೇ. ಮಾದಿಗೆ ಮಾತ್ರ ಅಪ್ಪಯ್ಯ ತಾನಾಗಿ ತೊಡಿಸಿದ್ದ.

"ಕೆಂಪು ಸೀರೇಲಿ ಪೆಟ್ಟಿಗೆ ಹತ್ರ ಬರಬ್ಯಾಡ ಕಣೆ. ಕೆಂಪು ಅವುಕ್ಕೆ ಬರೀ ಕಪ್ಪು. ಕರಡಿ ಬಂತು ಅನ್ಕೋತವೆ" ಎಂದು ನಕ್ಕಿದ್ದ. ಪೆಟ್ಟಿಗೆಯ ಬಾಗಿಲ ಸುತ್ತ ಅವನು ಬಳಿದ ನೀಲಿ ಬಣ್ಣ ಆ ಅಂಗಿಯ ಜೇಬಿಗೂ ಮೆತ್ತಿತ್ತು.

ಮಧ್ಯಾಹ್ನ ಅಂಗಿ ತೊಟ್ಟು ಮಾದಿ ಸೌದೆಗೆ ಹೋದಳು. ಅಷ್ಟರಲ್ಲಿ ಚಪ್ಪರ ಹಾಕಲು ಬಂದ ನೆಂಟರು, ಅಡ್ಡವಾಯಿತೆಂದು ಪೆಟ್ಟಿಗೆಯನ್ನು ಅಂಗಳದ ಕಲ್ಲಿನಿಂದೆತ್ತಿ ಮನೆ ಹಿಂದಕ್ಕಿಟ್ಟರು. ಹತ್ತು ಮಾರು ತಾನೇ, ಹುಡುಕಿಕೊಂಡು ಹೋಗುತ್ತವೆ ಬಿಡು ಎಂಬ ಬುದ್ಧಿವಂತಿಕೆ ಬೇರೆ! ಆದರೆ ಜೇನು ಹೊರಡುವಾಗ ಹಲಸಿನ ಮರ, ಹಂಚಿನ ಅಂಚು, ನೀಲಿ ಬಾಗಿಲು ಎಲ್ಲವನ್ನೂ ಕಣ್ಣಲ್ಲಿ ಇಟ್ಟುಕೊಂಡೇ ಹೊರಡುತ್ತದೆ. ಮರಳುವುದೂ ಅಲ್ಲಿಗೇ.

ಮಂಜು ಇಳಿಯುವ ಹೊತ್ತಿಗೆ ಮಾದಿ ಬಂದಾಗ, ಬರೀ ಕಲ್ಲಿನ ಮೇಲೆ ಬಾಗಿಲಿದ್ದ ಎತ್ತರದಲ್ಲೇ ಜೇನು ಮುತ್ತಿ ಗುಂಯ್ಗುಡುತ್ತಿತ್ತು. ಇಲ್ಲದ ಬಾಗಿಲು ಅವಕ್ಕೆ ಇನ್ನೂ ಕಾಣುತ್ತಿತ್ತು. ಹತ್ತು ದಿನದಿಂದ, ಅಪ್ಪಯ್ಯ ಕೂರುತ್ತಿದ್ದ ಬರೀ ಜಗಲಿಯನ್ನು ತಾನು ನೋಡುತ್ತಿರುವುದೂ ಹೀಗೇ ಅಲ್ಲವೇ ಎನ್ನಿಸಿ ಅಳು ಒತ್ತರಿಸಿ ಬಂತು. ಚಳಿಗೆ ಹೊರಗುಳಿದರೆ ಬೆಳಗಾಗುವಷ್ಟರಲ್ಲಿ ಇವೂ ಸಾಯುತ್ತವೆ.

ಅವಳು ಕಲ್ಲಿನ ಪಕ್ಕ ಮಂಡಿಯೂರಿದಳು. ಒಂದು ಜೇನು ಜೇಬಿನ ನೀಲಿಯ ಮೇಲೆ ಕೂತಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಎಲ್ಲವೂ ಅವಳ ಎದೆಗೆ ಬಂದು, ಜೇಬಿನ ಬಾಯಲ್ಲಿ ಸಾಲುಗಟ್ಟಿ ಒಳಗಿಳಿದವು. ಒಂದೂ ಕುಟುಕಲಿಲ್ಲ.

ಉಸಿರು ಬಿಗಿಹಿಡಿದು ಮನೆ ಹಿಂದಕ್ಕೆ ನಡೆದು ಮಾದಿ ಪೆಟ್ಟಿಗೆಯ ಬಾಗಿಲಿಗೆ ಎದೆಯೊಡ್ಡಿದಳು. ಜೇನೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಯನ್ನು ಹೊತ್ತು ತಂದು ಅದೇ ಕಲ್ಲಿನ ಮೇಲಿಟ್ಟಳು. ಚಪ್ಪರದ ಗತಿ ಏನಾದರೂ ಆಗಲಿ.

ಮಾರಿ ಕೈ ಚಾಚಿದಳು. "ಆಯ್ತಲ್ಲವ್ವ. ಇನ್ನಾದ್ರೂ ಅಂಗಿ ಬಿಚ್ಕೊಡು."

ಮಾದಿ ಜೇಬಿನ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿನ್ನೂ ಬೆಚ್ಚಗಿತ್ತು.

"ಕೊಡಾಕಿಲ್ಲ ಅತ್ತಿಗೆ. ಅವ್ರೂ ಹಿಂಗೇ ಹುಡುಕ್ಕೊಂಡ್ ಬಂದ್ರೆ?"

ಮಾರಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಮೆಲ್ಲಗೆ ಜಗಲಿಯ ಕಡೆ ತಿರುಗಿ ನೋಡಿದಳು.