ಗುರುವನ ಐಸ್‌ಲ್ಯಾಂಡ್ ಪಾಠ

ಮಹಾಯುದ್ಧ ಮುಗಿದ ಮರುವರ್ಷ ಹಡಗಿನ ಕೆಲಸ ಬಿಟ್ಟು ಹೆಮ್ಮಾಡಿಗೆ ಬಂದ ಗುರುವ, ಹಂಗಾರಕಟ್ಟೆಯ ಜಲಜಳನ್ನು ಮದುವೆಗೆ ಕೇಳಿದ. ಅವಳಿಗೂ ಮನಸ್ಸಿತ್ತು. ಆದರೆ ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಯಲ್ಲಿ ಹುಡುಗಿಯ ಮನಸ್ಸಿಗಿಂತ ಸೋದರಮಾವನ ಮಾತು ದೊಡ್ಡದು. ಮಾವ ಕುಷ್ಟ ದೋಣಿ ಕಟ್ಟುವವನು. ಹಲಗೆಯಾಗಲಿ ಮನುಷ್ಯನಾಗಲಿ, ತಟ್ಟಿ ನೋಡದೆ ಒಪ್ಪುವ ಜಾಯಮಾನ ಅವನದಲ್ಲ.

ಹಡಗಿನಲ್ಲಿ ಕಾಲು ಮುರಿದುಕೊಂಡು ಐಸ್‌ಲ್ಯಾಂಡ್ ಎಂಬ ಮಂಜು ಬೀಳುವ ದೇಶದಲ್ಲಿ ಒಂದು ಚಳಿಗಾಲ ಮೀನುಗಾರರ ಮನೆಯಲ್ಲಿದ್ದೆ ಎಂದು ಗುರುವ ಹೇಳಿದ್ದನ್ನು ಕುಷ್ಟ ನಂಬಲಿಲ್ಲ.

"ಹಂಗಾರೆ ಅಲ್ಲಿನ ಮಾತ್ ನಂಗೆ ಕಲ್ಸ್. ಸುಳ್ಳ್ ಹೇಳುವವ್ನಿಗೆ ನಿನ್ನೆ ಹೇಳಿದ್ದ್ ಇವತ್ ನೆನ್ಪಿರೂದಿಲ್ಲ. ತಪ್ಪಿರೆ ಹೆಣ್ಣಿಲ್ಲ," ಎಂದ.

ಗುರುವ ಹಂಗಾರಕಟ್ಟೆಯಲ್ಲೇ ಉಳಿದುಕೊಂಡ; ಸಂಜೆ ಸಂಜೆ ಕುಷ್ಟನ ಅಂಗಳದಲ್ಲಿ ಪಾಠ ಸುರುವಾಯಿತು. ಆ ಭಾಷೆಯಲ್ಲಿ ಜೀವವಿಲ್ಲದ ವಸ್ತುಗಳಿಗೂ ಲಿಂಗವುಂಟು. ಸಮುದ್ರ ಗಂಡು, ರಾತ್ರಿ ಹೆಣ್ಣು, ನೀರು ಎರಡೂ ಅಲ್ಲ. ಗುಣ ಹೇಳುವ ಪದವೂ ಅದಕ್ಕೆ ತಕ್ಕಂತೆ ವೇಷ ಬದಲಿಸಬೇಕು. ಸಮುದ್ರ ತಣ್ಣಗಿದ್ದರೆ 'ಕಾಲ್ದುರ್', ರಾತ್ರಿಯಾದರೆ 'ಕೊಲ್ದ್', ನೀರಾದರೆ 'ಕಾಲ್ತ್'.

"ದೋಣಿ ಎಂತ?"

"ಗಂಡಸ್, ಮಾವ."

ಕುಷ್ಟ ಉಳಿ ಕೆಳಗಿಟ್ಟ. "ಹುಟ್ಟಿದಲ್ಲಿಂದ ದೋಣಿ ಕಟ್ತಾ ಇದ್ದೆ, ನಂಗೇ ಗೊತ್ತಿಲ್ಲ!"

ಗುರುವನಿಗೆ ನಿಜವಾಗಿ ಬರುತ್ತಿದ್ದದ್ದು ಒಂದು ಹಿಡಿ ಮಾತು. ಅದು ಬೇಗನೆ ಮುಗಿಯಿತು. ಪಾಠ ನಿಂತರೆ ಸಂಬಂಧವೂ ನಿಂತೀತೆಂದು ಹೆದರಿ ಬಾಯಿಗೆ ಬಂದದ್ದನ್ನು ಸೇರಿಸತೊಡಗಿದ. ಆ ದೇಶ ಕನಸಿನಲ್ಲೂ ಕಾಣದ ತೆಂಗಿನಕಾಯಿಗೆ 'ತೋಂಗುರ್' ಎಂದು ಹೆಸರಿಟ್ಟು ಗಂಡು ಮಾಡಿದ. ಹಲಸಿನಹಣ್ಣಿಗೂ ಒಂದು ಹೆಸರಿಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದೆಂದರೆ ಇದೇ.

ಮರುದಿನ ಕುಷ್ಟ ಕೇಳಿದ, "ಹಲ್ಸಿನ್ ಹಣ್ಣಿಗೆ ನಿನ್ನೆ ಎಂತ ಅಂದೆ?"

ಗುರುವನಿಗೆ ಮರೆತೇ ಹೋಗಿತ್ತು. ಜಲಜ ಕೈತಪ್ಪಿದಳೆಂದು ಅಳುವೇ ಬಂತು.

ದಿನವೂ ಪಾಠಕ್ಕೆ ಕಿವಿಗೊಡುತ್ತಾ ಒಳಗೆ ಮೀನು ಕೊಯ್ಯುತ್ತಿದ್ದ ಜಲಜ ಅಲ್ಲಿಂದಲೇ ಕೂಗಿದಳು. "ಸ್ಲಾಪ. ಹೆಣ್ಣ್. ತಂಪಾಗಿದ್ರೆ ಕೊಲ್ದ್ ಸ್ಲಾಪ."

ಕುಷ್ಟ ಅವಳು ಕೂಗಿದ ಕಡೆಗೂ ಗುರುವನ ಮುಖವನ್ನೂ ನೋಡಿದ. "ಹೌದನಾ, ಬರೀ ಮಂಜ್ ಬೀಳು ಊರಗೆ ಹಲ್ಸಿನ್ ಮರ ಎಲ್ಲಿತ್ತ್?"

"ಇಲ್ಲ ಮಾವ. ಅದ್ ನಾನೇ ಮಾಡಿದ್ದ್," ಎಂದು ಗುರುವ ತಲೆ ತಗ್ಗಿಸಿದ.

ಜಲಜ ಕೈ ತೊಳೆಯದೆ ಬಾಗಿಲಿಗೆ ಬಂದು ನಿಂತಿದ್ದಳು. ಕುಷ್ಟ ಅವಳಿಗೆ ಹೇಳಿದ:

"ಹೆಣ್ಣೆ, ಇವ ಒಬ್ನೇ ಇದ್ರೆ ಎಲ್ಲಾದ್ರೂ ಸಿಕ್ ಬೀಳ್ತ. ಒಟ್ಟಿಗೆ ನೀನೇ ಬೇಕ್."